ಕ್ಲೇಮ್ ನಿರಾಕರಣೆಗೆ ಕಾರಣವನ್ನು ಕನ್ನಡದಲ್ಲಿ ಬರೆದುಕೊಡಿ

ಸಂಪಾದಕರಿಗೆ,

ಮಾನ್ಯರೇ,

ಅಪಘಾತಕ್ಕೀಡಾದ ಕಾರಿನ ರಿಪೇರಿಗೆಂದು ಸಲ್ಲಿಸಿದ ಕ್ಲೇಮನ್ನು ವಿಮಾ ಕಂಪನಿಗಳು ನಿರಾಕರಿಸುವುದು ಹೊಸದೇನಲ್ಲ. ಪಾಲಿಸಿಯ ಷರತ್ತು ನಿಜಕ್ಕೂ ಉಲ್ಲಂಘನೆಯಾಗಿದ್ದರೆ ನಿರಾಕರಿಸುವ ಹಕ್ಕೂ ಅವುಗಳಿಗಿದೆ. ನನ್ನ ತಕರಾರು ಆ ನಿರಾಕರಣೆ ಗ್ರಾಹಕನನ್ನು ತಲುಪುವ ರೀತಿಯ ಬಗ್ಗೆ. ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಈ ಸುದ್ದಿಯನ್ನು ಹೇಳುವವರು ಸಾಮಾನ್ಯವಾಗಿ ಕಂಪನಿಯವರಲ್ಲ, ಕಾರು ನಿಂತಿರುವ ಗ್ಯಾರೇಜಿನವರು. ‘ಸಾರ್, ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆಯಂತೆ, ಕೆಲಸ ಮುಂದುವರಿಸಬೇಕಾದರೆ ಅಡ್ವಾನ್ಸ್ ಕಟ್ಟಿ, ಇಲ್ಲದಿದ್ದರೆ ಗಾಡಿ ಎತ್ತಿಕೊಂಡು ಹೋಗಿ’ ಎಂದು ಅವರು ಫೋನಿನಲ್ಲಿ ಹೇಳುತ್ತಾರೆ. ಕಾರಣ ಕೇಳಿದರೆ ಕಂಪನಿಯ ಟೋಲ್ ಫ್ರೀ ನಂಬರು ಕೊಡುತ್ತಾರೆ. ಆ ನಂಬರಿನವರು ಬ್ರಾಂಚನ್ನು ಕೇಳಿ ಎನ್ನುತ್ತಾರೆ, ಬ್ರಾಂಚಿನವರು ಪಾಲಿಸಿ ಮಾರಿದ ಏಜೆಂಟನ್ನು ತೋರಿಸುತ್ತಾರೆ. ಅಷ್ಟರಲ್ಲಿ ಸುಸ್ತಾದ ಮಾಲೀಕ ಸಾಲ ಮಾಡಿ ಬಿಲ್ ಕಟ್ಟಿ ಕಾರು ಬಿಡಿಸಿಕೊಂಡಿರುತ್ತಾನೆ.

ನನ್ನ ತಮ್ಮನ ಕಾರಿನ ವಿಷಯದಲ್ಲಿ ನಡೆದದ್ದನ್ನು ಉದಾಹರಣೆಯಾಗಿ ಹೇಳುತ್ತೇನೆ. ದೂರು ಈಗ ವಿಮಾ ವಿವಾದಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್ ಅವರ ಮುಂದಿರುವುದರಿಂದ ಕಂಪನಿಯ ಹೆಸರು ಬರೆಯುವುದಿಲ್ಲ. ನೆಂಟರ ಮದುವೆಗೆಂದು ಶಿವಮೊಗ್ಗಕ್ಕೆ ಹೊರಟಿದ್ದ ಕಾರಿನಲ್ಲಿ ಅಕ್ಕಪಕ್ಕದ ಮನೆಯ ನಾಲ್ವರು ಇದ್ದರು. ಬೀರೂರು ಮತ್ತು ತರೀಕೆರೆ ನಡುವೆ ಎಮ್ಮೆಯೊಂದು ರಸ್ತೆಗೆ ನುಗ್ಗಿದಾಗ, ಅದನ್ನು ತಪ್ಪಿಸಲು ಹೋಗಿ ಕಾರು ಸಾಲುಮರಕ್ಕೆ ಗುದ್ದಿತು. ದೇವರ ದಯೆಯಿಂದ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಬಾನೆಟ್, ರೇಡಿಯೇಟರ್, ಮುಂದಿನ ಎಡ ಚಕ್ರದ ಭಾಗವೆಲ್ಲ ನುಜ್ಜುಗುಜ್ಜಾಯಿತು. ಅಂದೇ ಕಂಪನಿಗೆ ತಿಳಿಸಿದ್ದಾಯಿತು, ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ಫೋಟೊ ತೆಗೆದುಕೊಂಡದ್ದೂ ಆಯಿತು. ಆಮೇಲೆ ಕಂಪನಿಯ ಪರವಾಗಿ ತನಿಖೆಗೆಂದು ಇನ್ನೊಬ್ಬರು ಊರಿಗೆ ಬಂದು, ನನ್ನ ತಮ್ಮ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಕಾರಿನಲ್ಲಿದ್ದ ಹಿರಿಯರೊಬ್ಬರನ್ನು ಕೂರಿಸಿಕೊಂಡು ಬಹಳ ಸಲಿಗೆಯಿಂದ ಮಾತಾಡಿದ್ದಾರೆ. ‘ಡೀಸೆಲ್‌ಗೆ ನೀವೂ ಏನಾದ್ರೂ ಕೊಟ್ರಾ ಯಜಮಾನ್ರೇ?’ ಎಂದು ಕೇಳಿದಾಗ, ‘ಪುಗಸಟ್ಟೆ ಹೋಗಕ್ಕಾಗುತ್ತೇನ್ರೀ, ಐನೂರು ಕೊಟ್ಟೆ’ ಎಂದು ಅವರು ಹೇಳಿದ್ದಾರೆ. ಬಂದವರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ಕೆಳಗೆ ಅವರಿಂದ ಕನ್ನಡದಲ್ಲಿ ಸಹಿ ಹಾಕಿಸಿಕೊಂಡು ಹೋದರು. ಆ ಹೇಳಿಕೆಯ ಪ್ರತಿ ಬಹಳ ತಡವಾಗಿ ನಮ್ಮ ಕೈಸೇರಿದಾಗ ಅದರಲ್ಲಿ, ತಾವು ಹಣ ಕೊಟ್ಟು ಬಾಡಿಗೆ ಕಾರಿನಲ್ಲಿ ಪ್ರಯಾಣಿಸುತ್ತಿದ್ದೆವು ಎಂದು ಆ ಹಿರಿಯರು ಹೇಳಿದಂತೆ ಬರೆದಿತ್ತು.

ಬಿಳಿ ಬೋರ್ಡಿನ ಖಾಸಗಿ ಕಾರಿನ ಪಾಲಿಸಿಯಲ್ಲಿ, ವಾಹನವನ್ನು ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸುವಂತಿಲ್ಲ ಎಂಬ ಷರತ್ತು ಇರುವುದು ನಿಜ. ಆ ಷರತ್ತಿಗೆ ಅರ್ಥವೂ ಇದೆ. ಹಳದಿ ಬೋರ್ಡಿನವರು ಹೆಚ್ಚಿನ ಪ್ರೀಮಿಯಂ, ತೆರಿಗೆ, ಪರ್ಮಿಟ್ ಎಲ್ಲ ಕಟ್ಟಿ ದುಡಿಯುವಾಗ, ಬಿಳಿ ಬೋರ್ಡಿನಲ್ಲಿ ದಿನವೂ ಬಾಡಿಗೆ ಹೊಡೆಯುವವರಿಗೆ ವಿಮಾ ರಕ್ಷಣೆ ಸಿಗಬೇಕೆಂದು ಯಾರೂ ಹೇಳಲಾರರು. ಆದರೆ ನೆರೆಯವರು ಡೀಸೆಲ್ ಖರ್ಚು ಹಂಚಿಕೊಂಡದ್ದು ಬಾಡಿಗೆ ಹೇಗಾಗುತ್ತದೆ? ಅದಕ್ಕೆ ಕಂಪನಿ ಇಂದಿಗೂ ಉತ್ತರ ಕೊಟ್ಟಿಲ್ಲ. ಲಿಖಿತ ನಿರಾಕರಣೆಗೆ ಪಟ್ಟು ಹಿಡಿದು ಕೇಳಿದ ಮೇಲೆ ಬಂದ ಪತ್ರದಲ್ಲಿ ಇದ್ದದ್ದು, ಬಳಕೆಯ ಮಿತಿಯ ಷರತ್ತು ಉಲ್ಲಂಘನೆಯಾಗಿರುವುದರಿಂದ ಕ್ಲೇಮನ್ನು ಪರಿಗಣಿಸಲಾಗದು ಎಂಬ ಎರಡು ಸಾಲಿನ ಇಂಗ್ಲಿಷ್ ಮಾತ್ರ.

ಆ ಎರಡು ಸಾಲನ್ನಾದರೂ ಪಡೆದುಕೊಳ್ಳುವುದು ಏಕೆ ಮುಖ್ಯ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ನಿರಾಕರಣೆ ಪತ್ರದಲ್ಲಿ ಕಂಪನಿ ಯಾವ ಕಾರಣ ಕೊಟ್ಟಿದೆಯೋ ಅದಕ್ಕೆ ಮಾತ್ರ ಅದು ಮುಂದೆ ಅಂಟಿಕೊಂಡಿರಬೇಕು. ವಿಚಾರಣೆಯ ಹೊತ್ತಿಗೆ ಹೊಸ ಕಾರಣ ಹುಡುಕಿ ತರುವಂತಿಲ್ಲ. ಗಲಾಡಾ ಪವರ್ ಪ್ರಕರಣದಲ್ಲಿ 2016ರಲ್ಲಿ, ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಬಾಯಿಮಾತಿನ ನಿರಾಕರಣೆಯಲ್ಲಿ ಈ ಕಟ್ಟುಪಾಡು ಇರುವುದಿಲ್ಲ. ಇವತ್ತು ಡ್ರೈವರ್ ಸರಿಯಿಲ್ಲ ಎಂದವರು ನಾಳೆ ದಾಖಲೆ ಸರಿಯಿಲ್ಲ ಎನ್ನಬಹುದು. ಫೋನಿನಲ್ಲಿ ಹೇಳಿ ಮುಗಿಸುವ ರೂಢಿ ಯಾರಿಗೆ ಅನುಕೂಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು ಮಾತು. ಕಾರು ಬಾಡಿಗೆಗೇ ಹೋಗಿತ್ತು ಎಂದು ವಾದಕ್ಕೆ ಒಪ್ಪಿಕೊಂಡರೂ ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಮಲೇಂದು ಸಾಹು ಪ್ರಕರಣದಲ್ಲಿ ಕಂಪನಿ ಹಿಡಿದಿದ್ದ ಕಾರಣವೂ ಇದೇ, ಖಾಸಗಿ ವಾಹನವನ್ನು ಬಾಡಿಗೆಗೆ ಬಳಸಲಾಗಿದೆ ಎಂಬುದು. ಇಂಥ ಸಂದರ್ಭದಲ್ಲಿ ಕ್ಲೇಮನ್ನು ಸಂಪೂರ್ಣ ನಿರಾಕರಿಸುವುದು ಸರಿಯಲ್ಲ, ನಾನ್ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ, ಅಂದರೆ ಮೊತ್ತದಲ್ಲಿ ಒಂದು ಪಾಲು ಕಡಿತ ಮಾಡಿ, ಇತ್ಯರ್ಥ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಬಳಕೆಯ ಮಿತಿಯ ಉಲ್ಲಂಘನೆಗೆ ಆ ಲೆಕ್ಕದ ಪ್ರಕಾರ ಒಪ್ಪಿತ ಮೊತ್ತದ ಶೇ 75ರವರೆಗೆ ಕೊಡಬಹುದು. ತೀರ್ಪು ಬಂದು ಇಷ್ಟು ವರ್ಷಗಳಾದ ಮೇಲೂ ತಮ್ಮನಿಗೆ ಬಂದ ಪತ್ರದಲ್ಲಿ ಇದರ ಸುಳಿವೂ ಇಲ್ಲ. ಕಂಪನಿಯ ಕಾನೂನು ವಿಭಾಗಕ್ಕೆ ಈ ತೀರ್ಪು ಗೊತ್ತಿಲ್ಲ ಎಂದು ನಂಬುವಷ್ಟು ಮುಗ್ಧತೆ ನನಗಿಲ್ಲ.

ಚಾಲ್ತಿಯಲ್ಲಿರುವ ಬೇರೆ ನೆಪಗಳೂ ಇವೆ. ತಡವಾಗಿ ತಿಳಿಸಿದಿರಿ ಎಂಬುದು ಅವುಗಳಲ್ಲಿ ಹಳೆಯದು. ತಡಕ್ಕೆ ಸಕಾರಣವಿದ್ದು ಕ್ಲೇಮ್ ನಿಜವಾಗಿದ್ದರೆ ಬರೀ ವಿಳಂಬದ ಮೇಲೆ ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2011ರಲ್ಲೇ ಸುತ್ತೋಲೆ ಹೊರಡಿಸಿದೆ, ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ ಅದನ್ನೇ ಹೇಳಿದೆ. ಅಪಘಾತದ ದಿನ ಹೊಗೆ ತಪಾಸಣೆ ಸರ್ಟಿಫಿಕೇಟ್ ಇರಲಿಲ್ಲವಾದರೆ ವಿಮೆ ಸಿಗದು ಎಂಬ ವಾಟ್ಸ್‌ಆ್ಯಪ್ ಸುದ್ದಿಗೆ 2020ರಲ್ಲಿ ಪ್ರಾಧಿಕಾರವೇ ತೆರೆ ಎಳೆದಿದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತ ಮೇಲೆ, ಹಳದಿ ಬೋರ್ಡಿನ ಕಾರು ಮತ್ತು ಸಣ್ಣ ಗೂಡ್ಸ್ ಗಾಡಿಯವರನ್ನು ಬ್ಯಾಡ್ಜ್ (ಸಾರಿಗೆ ವಾಹನ ಓಡಿಸುವ ಪ್ರತ್ಯೇಕ ಅನುಮತಿ) ಇಲ್ಲವೆಂದು ಓಡಾಡಿಸುವುದಕ್ಕೂ ಅವಕಾಶವಿಲ್ಲ. ಹಾಗೆಂದು ಕುಡಿದು ಓಡಿಸಿದವರ, ನೋಂದಣಿ ಅವಧಿ ಮುಗಿದ ಗಾಡಿಯನ್ನು ರಸ್ತೆಗಿಳಿಸಿದವರ ಪರ ನಾನು ವಾದಿಸುತ್ತಿಲ್ಲ. ಅಲ್ಲಿ ನ್ಯಾಯಾಲಯಗಳೂ ಕಂಪನಿಗಳ ಪರವಾಗಿಯೇ ನಿಂತಿವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮಾತ್ರ ಎಚ್ಚರದಿಂದಿರಬೇಕು: ಆರ್‌ಸಿ ಜೊತೆಗೆ ಪಾಲಿಸಿಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡದಿದ್ದರೆ ಥರ್ಡ್ ಪಾರ್ಟಿ ರಕ್ಷಣೆ (ಇತರರಿಗಾದ ಹಾನಿಗೆ ಸಿಗುವ ವಿಮೆ) ಉಳಿಯುತ್ತದೆಯೇ ಹೊರತು ಸ್ವಂತ ಗಾಡಿಯ ನಷ್ಟಕ್ಕೆ ಹಣ ಸಿಗುವುದು ಕಷ್ಟ.

ಗ್ಯಾರೇಜಿನಲ್ಲಿ ಬೀಳುವ ಒತ್ತಡವನ್ನು ಅನುಭವಿಸಿದವರೇ ಬಲ್ಲರು. ಎಂಜಿನ್ ಬಿಚ್ಚಿಟ್ಟ ಕಾರನ್ನು ಎಳೆದುಕೊಂಡು ಹೋಗಲಾಗದು, ಬಿಟ್ಟರೆ ದಿನಕ್ಕಿಷ್ಟೆಂದು ಪಾರ್ಕಿಂಗ್ ಶುಲ್ಕ ಏರುತ್ತದೆ. ಈ ಹೊತ್ತಿಗೆ ಸರಿಯಾಗಿ, ಎಸ್ಟಿಮೇಟಿನ ಕಾಲುಭಾಗಕ್ಕೆ ಒಪ್ಪಿಕೊಂಡು ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂದು ಸಹಿ ಮಾಡಿದರೆ ವಾರದಲ್ಲಿ ಹಣ ಬರುತ್ತದೆ ಎಂಬ ಸಲಹೆಯೊಂದು ಯಾರದೋ ಮೂಲಕ ಬರುತ್ತದೆ. ಅನಿವಾರ್ಯವಾಗಿ ಸಹಿ ಹಾಕಿದವರೂ ಎದೆಗುಂದಬೇಕಾಗಿಲ್ಲ. ಬಲವಂತದಿಂದಲೋ ತಪ್ಪು ತಿಳಿವಳಿಕೆ ಕೊಟ್ಟೋ ಪಡೆದ ಇಂಥ ಇತ್ಯರ್ಥದ ಸಹಿಪತ್ರ (ಡಿಸ್ಚಾರ್ಜ್ ವೋಚರ್) ಗ್ರಾಹಕನ ಬಾಯಿ ಕಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿಯೇ ಹೇಳಿದೆ. ಬಲವಂತವಿತ್ತೆಂದು ತೋರಿಸುವ ಹೊಣೆ ಮಾತ್ರ ಗ್ರಾಹಕನದೇ. ಸರ್ವೇಯರ್ ವರದಿಯ ಪ್ರತಿಯನ್ನೂ ಬರೆದುಕೊಟ್ಟು ಕೇಳಬೇಕು. ಆ ವರದಿ ಮುಖ್ಯವಾದರೂ ಅದೇ ಕೊನೆಯ ಮಾತಲ್ಲ ಎಂಬುದು 2009ರ ತೀರ್ಪು. ಸರ್ಕಾರಿ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಾದರೆ ಮಾಹಿತಿ ಹಕ್ಕಿನಡಿ ಕಡತವನ್ನೇ ಕೇಳಬಹುದು. ಖಾಸಗಿಯವರ ಹತ್ತಿರ ಆ ದಾರಿಯಿಲ್ಲ.

ಮುಂದಿನ ಹಾದಿ ಅಷ್ಟೇನೂ ದುರ್ಗಮವಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು; ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ನಡೆಯುತ್ತದೆ. ದೂರನ್ನು ಆನ್‌ಲೈನ್‌ನಲ್ಲಿ ಕೊಡಲು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು 2021ರ ತಿದ್ದುಪಡಿಯ ನಂತರ ಅವಕಾಶವಿರುವುದರಿಂದ ಚಿಕ್ಕಮಗಳೂರು, ಬೀದರ್ ಕಡೆಯವರು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಓಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ಗ್ರಾಹಕನನ್ನಲ್ಲ. ಅವನಿಗೆ ಸಮಾಧಾನವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ. 2019ರ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಆದರೆ ಅಲ್ಲಿ ಎರಡು ವರ್ಷದ ಕಾಲಮಿತಿ ಇದೆ. ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ಪ್ರಕರಣ ನಡೆಯುತ್ತಿರುವಾಗ ಓಂಬುಡ್ಸ್‌ಮನ್ ಅದೇ ವಿಷಯವನ್ನು ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಯಾವುದು ಮೊದಲು ಎಂಬುದನ್ನೂ ಯೋಚಿಸಬೇಕು. ಇವೆಲ್ಲಕ್ಕೂ ಕಂಪನಿಯ ನಿರಾಕರಣೆ ಪತ್ರವೇ ಮೂಲ ದಾಖಲೆ. ಅದಿಲ್ಲದೆ ಹೋದವರು ತಮ್ಮ ಕ್ಲೇಮ್ ತಿರಸ್ಕೃತವಾಗಿದೆ ಎಂಬುದನ್ನೇ ಮೊದಲು ಸಾಬೀತುಪಡಿಸಲು ಹೆಣಗಬೇಕಾಗುತ್ತದೆ.

ಆದ್ದರಿಂದ ಐಆರ್‌ಡಿಎಐ ಮತ್ತು ರಾಜ್ಯ ಸರ್ಕಾರದ ಗಮನಕ್ಕೆ ಎರಡು ಬೇಡಿಕೆಗಳನ್ನು ತಮ್ಮ ಪತ್ರಿಕೆಯ ಮೂಲಕ ತರಲು ಬಯಸುತ್ತೇನೆ. ಕರ್ನಾಟಕದ ಪಾಲಿಸಿದಾರರಿಗೆ ಕೊಡುವ ನಿರಾಕರಣೆ ಪತ್ರ ಕನ್ನಡದಲ್ಲಿರಬೇಕು. ಅದರಲ್ಲಿ ಪಾಲಿಸಿಯ ಯಾವ ಷರತ್ತು, ಅದು ಹೇಗೆ ಉಲ್ಲಂಘನೆಯಾಯಿತು, ಅದಕ್ಕೆ ಆಧಾರವೇನು, ನಾನ್ ಸ್ಟ್ಯಾಂಡರ್ಡ್ ಇತ್ಯರ್ಥವನ್ನು ಪರಿಗಣಿಸಲಾಯಿತೇ, ಇಲ್ಲವಾದರೆ ಏಕೆ ಎಂಬುದನ್ನು ಬರೆದು, ಸರ್ವೇಯರ್ ವರದಿಯನ್ನೂ ತನಿಖಾಧಿಕಾರಿ ಪಡೆದ ಹೇಳಿಕೆಗಳನ್ನೂ ಜೊತೆಗೆ ಲಗತ್ತಿಸಬೇಕು. ಕನ್ನಡ ಮಾತ್ರ ಬಲ್ಲವರಿಂದ ಪಡೆಯುವ ಹೇಳಿಕೆಯನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿಕೊಳ್ಳಬೇಕು. ಪೊಲೀಸ್ ಮಹಜರಿನಲ್ಲಿ ನಡೆಯುವ ಇಷ್ಟು ಸಾಮಾನ್ಯ ಕ್ರಮ ವಿಮಾ ತನಿಖೆಯಲ್ಲಿ ಏಕೆ ಅಸಾಧ್ಯ? ಎರಡನೆಯದಾಗಿ, ರಿಪೇರಿ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ, ಕಂಪನಿಗಳೊಂದಿಗೆ ಕ್ಯಾಶ್‌ಲೆಸ್ ಒಪ್ಪಂದವಿರುವ ಪ್ರತಿ ಗ್ಯಾರೇಜಿನ ಕೌಂಟರಿನಲ್ಲಿ ಕನ್ನಡದ ಫಲಕ ಹಾಕಿಸಬೇಕು. ಸರ್ವೇಯರ್ ನೇಮಕ 24 ಗಂಟೆಯೊಳಗೆ, ವರದಿ 15 ದಿನದೊಳಗೆ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನ 7 ದಿನದೊಳಗೆ ಎಂದು ಪ್ರಾಧಿಕಾರವೇ 2024ರ ಜೂನ್‌ನಲ್ಲಿ ನಿಗದಿಪಡಿಸಿದ ಕಾಲಮಿತಿಯೂ ಓಂಬುಡ್ಸ್‌ಮನ್ ಕಚೇರಿಯ ವಿಳಾಸವೂ ಅದರಲ್ಲಿರಲಿ. ಈ ಅವಧಿ ಮೀರಿ ಕಂಪನಿ ಮಾಡುವ ವಿಳಂಬದ ಪಾರ್ಕಿಂಗ್ ಶುಲ್ಕವನ್ನು ಕಾರಿನ ಮಾಲೀಕನಿಂದ ವಸೂಲು ಮಾಡಬಾರದು, ವಿಳಂಬ ಮಾಡಿದವರೇ ಅದನ್ನು ಭರಿಸಬೇಕು ಎಂದೂ ಪ್ರಾಧಿಕಾರ ಆದೇಶ ಹೊರಡಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕಡೂರು, ಚಿಕ್ಕಮಗಳೂರು ಜಿಲ್ಲೆ