ವಿಮಾನ ಪೈಲಟ್‌ನ ಬೈತಿಲ್ಲ ಕಣೋ

ಲೋ ಸೀನ,

ನೀನು ಗ್ರೂಪಿಗೆ ಹಾಕಿದ್ ಕಾಕ್‌ಪಿಟ್ ವಿಡಿಯೋ ನೋಡ್ದೆ. ಏರ್‌ಬಸ್ ಇನ್ನೇನು ರನ್‌ವೇ ಮುಟ್ಬೇಕು ಅನ್ನೋವಾಗ ಒಂದು ದನಿ "ರಿಟಾರ್ಡ್, ರಿಟಾರ್ಡ್" ಅನ್ನತ್ತೆ, ನೀನು ಕೆಳಗೆ "ವಿಮಾನಾನೇ ಪೈಲಟ್‌ಗೆ ಪೆದ್ದ ಅಂತಿದೆ" ಅಂತ ಬರ್ದು ನಾಕು ನಗೋ ಮುಖ ಹಾಕಿದೀಯ. ಇಂಗ್ಲಿಷಲ್ಲಿ ಆ ಪದಾನ ಪೆದ್ದ ಅಂತ ಬೈಯೋಕೂ ಬಳಸ್ತಾರೆ ನಿಜ, ಆದ್ರೆ ಇಲ್ಲಿ ಅದು ಬೈಗುಳ ಅಲ್ವೋ ಮಾರಾಯ. ನೆಲ ಇನ್ನು 20 ಅಡಿ ಇದೆ, ಇಂಜಿನ್ ಪವರ್ ಹೆಚ್ಚು ಕಡಿಮೆ ಮಾಡೋ ಥ್ರಸ್ಟ್ ಲಿವರ್ ಹಿಂದಕ್ಕೆಳ್ದು ಇಂಜಿನ್‌ನ ಐಡಲ್‌ಗೆ, ಅಂದ್ರೆ ತೀರಾ ಕಮ್ಮಿ ಪವರ್‌ಗೆ, ತಾ ಅಂತ ಜ್ಞಾಪಿಸ್ತಿದೆ. ಬೋಯಿಂಗಲ್ಲಿ ಪವರ್‌ನ ತಾನೇ ನೋಡ್ಕೊಳ್ಳೋ ಆಟೋಥ್ರಾಟಲ್ ಆನ್ ಇದ್ರೆ ಲಿವರ್‌ಗಳು ತಾವೇ ಹಿಂದೆ ಮುಂದೆ ಸರೀತವೆ, ಏರ್‌ಬಸ್ಸಲ್ಲಿ ಹಂಗಲ್ಲ, ಪವರ್ ಏರ್ಲಿ ಇಳೀಲಿ ಲಿವರ್ ಇಟ್ಟಲ್ಲೇ ಕೂತಿರತ್ತೆ, ಹಾಗಾಗಿ ಪೈಲಟ್ಟೇ ಕೈಯಾರೆ ಎಳೀಬೇಕು, ಎಳೆಯೋ ತನಕ ಅದು ಹೇಳ್ತಾನೇ ಇರತ್ತೆ.

ಲ್ಯಾಟಿನ್‌ನಲ್ಲಿ ಟಾರ್ಡಸ್ ಅಂದ್ರೆ ನಿಧಾನ. ಅದ್ರಿಂದ ರಿಟಾರ್ಡಾರೆ, ಅಂದ್ರೆ ತಡ ಮಾಡೋದು, ಅಲ್ಲಿಂದ ಫ್ರೆಂಚ್ ದಾಟ್ಕೊಂಡು 15ನೇ ಶತಮಾನದ ಕೊನೆ ಹೊತ್ತಿಗೆ ಇಂಗ್ಲಿಷಿಗೆ ಬಂತು. ಫ್ರಾನ್ಸಲ್ಲಿ ಇವತ್ತಿಗೂ ರೈಲು ಲೇಟ್ ಆದ್ರೆ ಇದೇ ಪದ, ಅವರ ಬಾಯಲ್ಲಿ "ರತಾರ್", ಯಾರಿಗೂ ಬೇಜಾರಿಲ್ಲ. ವೆಸ್ಟರ್ನ್ ಮ್ಯೂಸಿಕ್ಕಲ್ಲಿ ಲಯ ನಿಧಾನ ಮಾಡು ಅನ್ನೋಕೆ ಇಟಾಲಿಯನ್ "ರಿಟಾರ್ಡಾಂಡೋ". ಟಾರ್ಡಿಗ್ರೇಡ್ ಅನ್ನೋ ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಿ ಇದೆಯಲ್ಲ, ಅದಕ್ಕೂ ಇಟಲಿಯ ಸ್ಪಲ್ಲಂಜಾನಿ 18ನೇ ಶತಮಾನದಲ್ಲಿ ಕೊಟ್ಟ ಹೆಸರು ನಿಧಾನಕ್ಕೆ ನಡೆಯೋದು ಅಂತಲೇ.

ಅಷ್ಟೆಲ್ಲ ದೂರ ಯಾಕೆ, ನೀನು ಸಿವಿಲ್ ಇಂಜಿನಿಯರು, ದಿನಾ ರಿಟಾರ್ಡರ್ ಜೊತೇಲೇ ಸಂಸಾರ ಮಾಡ್ತೀಯ! ರೆಡಿಮಿಕ್ಸ್ ಲಾರಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೂ ಕಾಂಕ್ರೀಟ್ ಡ್ರಮ್ಮಲ್ಲೇ ಗಟ್ಟಿ ಆಗದೇ ಇರೋದು ಅದನ್ನ ಬೆರೆಸಿರೋದ್ರಿಂದ. ಸಿಮೆಂಟ್ ಫ್ಯಾಕ್ಟರೀಲಿ ಕ್ಲಿಂಕರ್, ಅಂದ್ರೆ ಸುಟ್ಟ ಸಿಮೆಂಟ್ ಉಂಡೆ, ಅದರ ಜೊತೆ ಜಿಪ್ಸಮ್ ಸೇರಿಸಿ ಅರೆಯೋದೂ ಅದಕ್ಕೇ, ಇಲ್ದಿದ್ರೆ ನೀರು ಬಿದ್ದ ತಕ್ಷಣ ಕಲ್ಲಾಗಿಬಿಡತ್ತೆ. ಸಕ್ಕರೆ ಬಿದ್ರೂ ಸೆಟ್ಟಿಂಗ್ ತಡ ಆಗತ್ತೆ ಅಂತ ನೀನೇ ಯಾವಾಗ್ಲೋ ಹೇಳಿದ್ದೆ. ಘಾಟಿ ಇಳಿಯೋ ದೊಡ್ಡ ಬಸ್ಸುಗಳಲ್ಲೂ ವೇಗ ತಗ್ಗಿಸೋ ರಿಟಾರ್ಡರ್ ಇರತ್ತೆ, ಬ್ರೇಕ್ ಬಿಸಿಯಾಗದೇ ಇರ್ಲಿ ಅಂತ. ಬುಲೆಟ್ ಮೆಕ್ಯಾನಿಕ್ಕು "ಟೈಮಿಂಗ್ ರಿಟಾರ್ಡ್ ಆಗಿದೆ ಸಾರ್, ಅದಕ್ಕೇ ಎಳೀತಿಲ್ಲ" ಅಂದ್ರೆ, ಅಂದ್ರೆ ಸ್ಪಾರ್ಕ್ ತಡವಾಗಿ ಬರ್ತಿದೆ ಅಂತ ಹೇಳಿದ್ರೆ, ನಾವು ಸೀರಿಯಸ್ಸಾಗಿ ತಲೆ ಆಡಿಸ್ತೀವಿ, ನಗಲ್ಲ.

ಈ ಪದ ಬೈಗುಳ ಆಗಿದ್ದು ಡಾಕ್ಟರುಗಳ ಕೈಗೆ ಹೋದ್ಮೇಲೆ, ಮತ್ತೆ ಪಾಪ ಅವರು ಮಾಡಿದ್ದು ಒಳ್ಳೇ ಉದ್ದೇಶದಿಂದಲೇ. ಅದಕ್ಕೂ ಮುಂಚೆ ಈಡಿಯಟ್, ಇಂಬೆಸಿಲ್, ಮೊರಾನ್ ಇವೆಲ್ಲ ಬುದ್ಧಿ ಬೆಳವಣಿಗೆ ಎಷ್ಟು ಕಮ್ಮಿ ಅಂತ ಹೇಳೋಕೆ ವೈದ್ಯರು ಬಳಸ್ತಿದ್ದ ಗ್ರೇಡುಗಳು. ಮೊರಾನ್ ಅನ್ನೋದನ್ನ 1910ರಲ್ಲಿ ಅಮೆರಿಕದ ಹೆನ್ರಿ ಗಾಡರ್ಡ್ ಗ್ರೀಕ್‌ನಿಂದ ತಂದು ಬಳಕೆಗೆ ಬಿಟ್ಟ. ಅವು ಸ್ಕೂಲ್ ಮೈದಾನದ ಬೈಗುಳ ಆದ್ಮೇಲೆ, ಮೆತ್ತಗಿರ್ಲಿ ಅಂತ "ಮೆಂಟಲಿ ರಿಟಾರ್ಡೆಡ್" ಬಂತು, ಅಂದ್ರೆ ಬೆಳವಣಿಗೆ ನಿಧಾನ ಅಷ್ಟೇ ಅಂತ. ಅದಕ್ಕೂ ಅದೇ ಗತಿ. 2010ರಲ್ಲಿ ಅಮೆರಿಕದವರು ರೋಸಾಸ್ ಲಾ ಅಂತ ಕಾನೂನು ಮಾಡಿ ಕೇಂದ್ರದ ಹಲವು ಕಾಯ್ದೆಗಳಿಂದ ಆ ಪದ ತೆಗೆದ್ರು. ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೇಲಿ ಇತ್ತು, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೇಲಂತೂ ಹೆಸರಲ್ಲೇ ಇತ್ತು, 2016ರ ಕಾಯ್ದೆ ಬರೋ ಹೊತ್ತಿಗೆ ಇಂಟಲೆಕ್ಚುಯಲ್ ಡಿಸೆಬಿಲಿಟಿ, ಅಂದ್ರೆ ಬೌದ್ಧಿಕ ಅಂಗವೈಕಲ್ಯ, ಆಯ್ತು. ನನ್ ಕೇಳಿದ್ರೆ ವಿಮಾನದಲ್ಲಿ, ಸಿಮೆಂಟಲ್ಲಿ ಅದು ಇದ್ದೇ ಇರ್ಲಿ, ಮನುಷ್ಯರಿಗೆ ಬೇಡ. ನೀನು ಬರೆದಿದ್ದು ಓದೋರಲ್ಲಿ ಮಗೂನ ಸ್ಪೆಷಲ್ ಸ್ಕೂಲಿಗೆ ಬಿಟ್ಟು ಬರೋ ಅಪ್ಪ ಒಬ್ಬ ಇದಾನೆ, ಯಾರು ಅಂತ ನಿಂಗೂ ಗೊತ್ತು. ಮೊದ್ಲು ಅದನ್ನ ಡಿಲೀಟ್ ಮಾಡು.

ಇಂಗ್ಲಿಷ್‌ನೋರನ್ನೇ ಅನ್ನೋಕೂ ಬಾಯಿಲ್ಲ ನಮಗೆ. ಮಂದ ಅಂದ್ರೂ ನಿಧಾನ ಅಂತಲೇ ಅಲ್ವಾ, ಮಂದಗತಿ, ಮಂದಹಾಸ ಅಂದ್ರೆ ಚೆಂದ, ಮಂದಮತಿ ಅಂದ್ರೆ ಜಗಳ. ಶನಿ ಕಥೆ ಇನ್ನೂ ಮಜಾ. ಶನೈಶ್ಚರ ಅಂದ್ರೆ ನಿಧಾನಕ್ಕೆ ಚಲಿಸೋನು. ಸೂರ್ಯನ್ನ ಒಂದು ಸುತ್ತು ಹಾಕೋಕೆ ಹತ್ತಿರ ಹತ್ತಿರ ಇಪ್ಪತ್ತೊಂಬತ್ತೂವರೆ ವರ್ಷ, ಅಂದ್ರೆ ಒಂದೊಂದು ರಾಶೀಲಿ ಎರಡೂವರೆ ವರ್ಷದಂತೆ, ಮೂರು ರಾಶಿ ಸೇರಿದ್ರೆ ಏಳೂವರೆ, ಅದೇ ನಿಮ್ಮಮ್ಮ ನಿನ್ ಕೈಲಿ ಎಳ್ಳೆಣ್ಣೆ ದೀಪ ಹಚ್ಚಿಸ್ತಿರೋ ಸಾಡೇಸಾತಿ. ಇಷ್ಟ್ ನಿಧಾನ ಇದಾನಲ್ಲ ಅನ್ನೋ ಒಂದೇ ತಪ್ಪಿಗೆ ಊರೋರೆಲ್ಲ ಅವನ ಹೆಸರಿಟ್ಕೊಂಡು ಬೈಯೋದು, ನೀನಂತೂ ದಿನಕ್ಕೆ ಹತ್ತು ಸಲ "ಶನಿ ನನ್ಮಗ" ಅಂತೀಯ!

ಬುಲೆಟ್ ಕಾರ್ಬುರೇಟರ್ ವಿಷ್ಯ ಫೋನಲ್ಲಿ ಹೇಳ್ತೀನಿ, ಬರ್ಯೋಕೆ ಆಗಲ್ಲ.

ನಿನ್ನ
ಗೆಳೆಯ