ಬೆಟ್ಟದ ಕಡೆ ಹೋಗೋದು ಬಿಡಬೇಡ, ಪುಟ್ಟಿ

ಊರ್ಡಿಗೆರೆ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಹೊಸ ಮನೆ ವಿಷಯವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಚಿರತೆ ಓಡಾಡ್ತಿದೆಯಂತೆ, ದೇವರಾಯನದುರ್ಗ ಬೆಟ್ಟದ ಬುಡದ ನಾಮದ ಚಿಲುಮೆ ಕಡೆ ಓಡೋಕೆ ಹೋಗೋದು ಬಿಟ್ಟೆ, ಮಗೂನೂ ಇನ್ನು ಕರ್ಕೊಂಡು ಹೋಗಲ್ಲ' ಅಂತ. ಓದಿದಾಗಿನಿಂದ ಮನಸ್ಸಿಗೆ ಏನೋ ಕಸಿವಿಸಿ.

ನಿನ್ನ ಭಯ ಸುಳ್ಳು ಅಂತ ಹೇಳುವುದಿಲ್ಲ. 2019–20ರಲ್ಲಿ ಹೆಬ್ಬೂರು, ಗುಬ್ಬಿ ಕಡೆ ಚಿರತೆ ಎಳೆ ಮಕ್ಕಳನ್ನೇ ಹೊತ್ತುಕೊಂಡು ಹೋಯಿತು. ಆಗ ನಾನೂ ಕತ್ತಲಾದ ಮೇಲೆ ಹಿತ್ತಲ ಬಾಗಿಲು ತೆಗೆಯುತ್ತಿರಲಿಲ್ಲ. ಐದು ವರ್ಷದ ಮಗು ಇಟ್ಟುಕೊಂಡು ನಿನಗೆ ಎದೆ ಹೊಡೆದುಕೊಳ್ಳದೆ ಇರುತ್ತಾ?

ಆದರೆ ದೇವರಾಯನದುರ್ಗದ ಬಂಡೆಗಳಿಗೆ ಚಿರತೆ ನಿನ್ನೆ ಮೊನ್ನೆ ಬಂದು ಸೇರಿದ್ದಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಕೊಟ್ಟಿಗೆಯಿಂದ ಒಂದು ಮೇಕೆಮರಿ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ಗೂಟದಲ್ಲಿ ಬರೀ ಹಗ್ಗ, ಬೇಲಿ ಮುಳ್ಳಿಗೆ ಒಂದು ಚಿಟಿಕೆ ಬಿಳಿ ಕೂದಲು. ಅವತ್ತಿನಿಂದ ಹೆಣ್ಣುಮಕ್ಕಳು ಬೆಟ್ಟದ ಕಡೆ ತಲೆ ಹಾಕಬಾರದು ಅಂದುಬಿಟ್ಟರು ಅಪ್ಪ. ಹುಡುಗರು ಎಂದಿನ ಹಾಗೆ ಸೌದೆಗೆ, ಸೀತಾಫಲಕ್ಕೆ ಹೋಗಿ ಬರುತ್ತಿದ್ದರು. ಚಿರತೆಗೇನು ಹೆಣ್ಣು ಗಂಡು ಅಂತ ಲೆಕ್ಕ ಇರುತ್ತಾ? ಅವರು ಬಂದು ನವಿಲು ಕುಣಿದದ್ದು, ಕರಡಿ ಹುತ್ತ ಕೆದಕಿದ್ದು ಹೇಳುತ್ತಿದ್ದರು. ನಾನು ಕೇಳಿಸಿಕೊಂಡು ಮುದ್ದೆ ತೊಳಸುತ್ತಿದ್ದೆ. ನರಸಿಂಹಸ್ವಾಮಿ ತೇರಿನ ದಿನ ಬಿಟ್ಟರೆ ನಾನು ಬೆಟ್ಟ ನೋಡಿದ್ದೆಲ್ಲ ಅಂಗಳದಿಂದಲೇ. ಅಪ್ಪನ ಮೇಲೆ ಸಿಟ್ಟಿಲ್ಲ, ಅವರ ಭಯವೂ ನಿನ್ನ ಭಯದಂಥದ್ದೇ. ಚಿರತೆ ಸುದ್ದಿ ತಣ್ಣಗಾದ ಮೇಲೂ ಅವರು ಹಾಕಿದ ಗೆರೆ ಹಾಗೇ ಉಳಿಯಿತು. ಈ ವಯಸ್ಸಲ್ಲೂ ಅದು ಚುಚ್ಚುತ್ತೆ, ನೋಡು.

ಸರಿ, ಚಿರತೆ ಮಾತಿಗೇ ಬರುತ್ತೇನೆ. ಅದರ ಓಡಾಟ ಜಾಸ್ತಿ ಮುಸ್ಸಂಜೆಯಿಂದ ನಸುಕಿನವರೆಗೆ. ನೀನು ಕತ್ತಲಿರುವಾಗಲೇ ಅಲ್ಲಿ ಕಾರು ನಿಲ್ಲಿಸಿ ಓಡುತ್ತಿದ್ದೆಯಂತೆ. ಅದೊಂದು ಬೇಡ. ಅಷ್ಟು ಬೇಗ ಓಡಲೇಬೇಕು ಅಂದರೆ ತುಮಕೂರಿನ ಅಮಾನಿಕೆರೆ ಪಾರ್ಕ್ ಇದೆಯಲ್ಲ, ಊರೊಳಗಿನ ಜಾಗ. ಕಾಡಿನ ರಸ್ತೆಗೆ ಬಿಸಿಲು ಬಿದ್ದ ಮೇಲೆ ಹೋಗು, ಜೊತೆಗೆ ಯಾರಾದರೂ ಇರಲಿ, ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಡ. ನಾನೇನು ಓಟಗಾರ್ತಿಯಾ ಇದನ್ನೆಲ್ಲ ಹೇಳೋಕೆ, ಆದರೂ ಬಾಯಿ ಸುಮ್ನಿರಲ್ಲ.

ಅಪ್ಪಿತಪ್ಪಿ ಎದುರಾದರೆ ಬೆನ್ನು ತೋರಿಸಿ ಓಡಬಾರದು, ಕುಕ್ಕರಗಾಲಲ್ಲಿ ಕೂರಲೂ ಬಾರದು. ಮಗೂನ ಎತ್ತಿಕೊಂಡು, ಗಟ್ಟಿಯಾಗಿ ಗದರುತ್ತಾ, ಮುಖ ಅದರ ಕಡೆಗೇ ಇಟ್ಟುಕೊಂಡು ಮೆಲ್ಲಗೆ ಹಿಂದೆ ಸರಿಯಬೇಕು. ಓಡೋದೇ ನಿನ್ನ ಅಭ್ಯಾಸ, ಅದಕ್ಕೇ ಹೇಳಿದೆ.

ನಾಗವಲ್ಲಿಯ ಕಾಡುಪಾಪದ ವಿಷಯ ಕೇಳಿದ್ದೀಯಾ? ರಾತ್ರಿ ಮರದ ಮೇಲೆ ಓಡಾಡುವ ಪುಟ್ಟ ಪ್ರಾಣಿ ಅದು. ನಾಗವಲ್ಲಿಯೂ ಹೆಬ್ಬೂರು ಕಡೆಯ ಊರೇ. ಕತ್ತಲಲ್ಲಿ ಕೊಂಬೆಯ ಮೇಲೆ ಎರಡು ದುಂಡು ಕಣ್ಣು ಮಿನುಗುತ್ತವೆ. ಅಪಶಕುನ ಅಂತ ಅದನ್ನು ಕಂಡರೆ ಜನಕ್ಕೆ ಆಗುತ್ತಿರಲಿಲ್ಲ, ಮಾಟಕ್ಕೂ ಹಿಡಿಯುತ್ತಿದ್ದರು, ಪಾಪದ ಪ್ರಾಣಿ. ಅಲ್ಲಿನ ಶಾಲೆಯ ಮೇಷ್ಟ್ರೊಬ್ಬರು ಅದರ ಹಿಂದೆ ಬಿದ್ದು, ಮಕ್ಕಳಿಗೆ ಅದರ ಪರಿಚಯ ಮಾಡಿಸಿದರು. ಚಿರತೆಗೂ ಕಾಡುಪಾಪಕ್ಕೂ ಹೋಲಿಕೆಯಿಲ್ಲ, ಗೊತ್ತು. ಅದೇ ಕತ್ತಲು, ಅದೇ ಭಯ ಅಂತ ನೆನಪಾಯಿತು.

ಹಗಲು ಹೊತ್ತಲ್ಲಿ ಮಗೂನ ನಾಮದ ಚಿಲುಮೆಗೆ ಕರೆದುಕೊಂಡು ಹೋಗು. ಬೇಲಿಯೊಳಗಿನ ಜಿಂಕೆ ನೋಡಲಿ. ರಾಮ ಬಾಣ ಬಿಟ್ಟ ಅಂತ ಹೇಳುವ ಕಡೆ ಬಂಡೆಯಿಂದ ನೀರು ಜಿನುಗುತ್ತಲ್ಲ, ಅಲ್ಲಿ ಕೈಯೊಡ್ಡಲಿ. ಅವಳು ನಿನಗಿಂತ ಮುಂದೆ ಓಡದ ಹಾಗೆ ನೋಡಿಕೋ. ಕೈಯಲ್ಲಿ ತಿಂಡಿ ಕಂಡರೆ ಕೋತಿ ಬಿಡಲ್ಲ. ಉಳಿದ ಚಿತ್ರಾನ್ನ ಅಲ್ಲೇ ಚೆಲ್ಲಿದರೆ ನಾಯಿ ಸೇರುತ್ತವೆ, ನಾಯಿ ಹುಡುಕಿಕೊಂಡು ಚಿರತೆಯೇ ಬರುತ್ತೆ, ಡಬ್ಬಿಯಲ್ಲಿ ಮನೆಗೆ ತಾ. ನೋಡು, ಎಲ್ಲಿಂದ ಶುರು ಮಾಡಿದರೂ ಅದೇ ಚಿರತೆ ಹತ್ತಿರ ಬಂದು ನಿಲ್ಲುತ್ತೇನೆ.

ಇಷ್ಟಕ್ಕೂ ಮಗೂಗೆ ಏನಂತ ಹೇಳಿದ್ದೀಯ? ಅದೇ ನನಗೆ ಚಿಂತೆ. ನೀನು ಹೋಗದಿದ್ದರೂ ಪರವಾಗಿಲ್ಲ, ಅವಳ ಮುಂದೆ 'ಬೆಟ್ಟಕ್ಕೆ ಹೋದರೆ ಹಿಡ್ಕೊಂಡು ಹೋಗುತ್ತೆ' ಅಂತ ಮಾತ್ರ ಹೇಳಬೇಡ. ಹೇಳಿಬಿಟ್ಟಿದ್ದರೆ ತಕ್ಷಣ ತಿಳಿಸು, ನಾನೇ ಫೋನ್ ಮಾಡಿ ಅವಳ ಹತ್ತಿರ ಮಾತಾಡುತ್ತೇನೆ.

ಇತಿ,
ದೊಡ್ಡಮ್ಮ