ಓಬವ್ವನ ಕಿಂಡಿ ನೋಡಿದ್ದಾಯ್ತು, ಹೊಂಡ ನೋಡುವುದು ಯಾವಾಗ?

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ನಮ್ಮ ಚಿತ್ರದುರ್ಗದ ಕೋಟೆಯ ಬಗ್ಗೆ ಲೇಖನ ಬಂದಿತ್ತು. ಫೋಟೊಗಳು ಬಹಳ ಚೆನ್ನಾಗಿದ್ದವು, ಅದಕ್ಕೆ ಥ್ಯಾಂಕ್ಸ್. ಆದರೆ ಲೇಖನ ಕೋಟೆಯ ಬಾಗಿಲಲ್ಲಿ ಶುರುವಾಗಿ, ಏಳು ಸುತ್ತು ಅಂತ ಹೇಳಿ, ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂದು ನಿಂತುಬಿಟ್ಟಿತು. ಇಲ್ಲಿಗೆ ಬರುವ ಜನ ಮಾಡುವುದೂ ಇದನ್ನೇ ಬಿಡಿ. ಕಿಂಡಿಯಲ್ಲಿ ತಲೆ ತೂರಿಸಿ ಒಂದು ಸೆಲ್ಫಿ ತೆಗೆದುಕೊಂಡು, ಬಿಸಿಲು ಜಾಸ್ತಿ ಅಂತ ಇಳಿದು ಹೋಗುತ್ತಾರೆ. ಓಬವ್ವನ ಮೇಲೆ ನನಗೆ ಯಾವ ತಕರಾರೂ ಇಲ್ಲ, ನಾನೂ ಆ ಕತೆ ಕೇಳಿಕೊಂಡೇ ಬೆಳೆದವನು. ಆದರೆ ಅವಳ ಗಂಡ ಊಟಕ್ಕೆ ಕೂತಿದ್ದಾಗ ಅವಳು ಕೊಡ ಹಿಡಿದು ಹೊರಟದ್ದು ನೀರು ತರೋದಕ್ಕೆ, ಅಲ್ವಾ? ಆ ನೀರು ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲು ಒಂದು ಮಾತು. ಲೇಖನದಲ್ಲಿ ನಮ್ಮ ಕೋಟೆಯನ್ನು ಯೂರೋಪಿನ ಕ್ಯಾಸಲ್‌ಗಳಿಗೆ ಹೋಲಿಸಿದ್ದಾರೆ. ಹೋಲಿಕೆ ಅಷ್ಟು ಸರಿ ಅನ್ನಿಸಲಿಲ್ಲ. ಅಲ್ಲಿ ದೊರೆಯದು ಒಂದು ದೊಡ್ಡ ಕಲ್ಲಿನ ಮನೆ, ಅದರ ಸುತ್ತ ಗೋಡೆ. ಇಲ್ಲಿ ಬೆಟ್ಟವೇ ಮನೆ. ಗುಡಿ, ಗರಡಿ, ಕಣಜ, ನಾಣ್ಯ ಅಚ್ಚು ಹಾಕುವ ಟಂಕಸಾಲೆ, ಮದ್ದು ಅರೆಯುವ ಬೀಸುಕಲ್ಲು, ಎಣ್ಣೆಕೊಳ, ಮಠ ಎಲ್ಲಾ ಬಂಡೆಗಳ ಸಂದಿಯಲ್ಲಿ ಚದುರಿ ಕೂತಿವೆ. ಅದರ ನಡುವೆ ಇಲ್ಲಿ ಆಳಿದ ನಾಯಕರ ಅರಮನೆ. ಮೊನ್ನೆ ಬೆಂಗಳೂರಿಂದ ತಂಗಿ ಮಗಳು ಬಂದಿದ್ದಳು. ಮೇಲೆ ಕರೆದುಕೊಂಡು ಹೋದೆ. "ಮಾವ, ರಾಜ ಎಲ್ಲಿ ಮಲಗ್ತಿದ್ದ?" ಅಂದಳು. ಆ ಕೆಂಪು ಮಣ್ಣಿನ ಗೋಡೆಗಳನ್ನು ತೋರಿಸಿದೆ. ಅವಳು ನಂಬಲೇ ಇಲ್ಲ. ಇಷ್ಟೆಲ್ಲಾ ಕಲ್ಲಿರುವ ಊರಲ್ಲಿ ರಾಜ ಮಣ್ಣಿನ ಮನೆಯಲ್ಲಿ ಇರುತ್ತಿದ್ದನಾ ಅಂತ. ಇರುತ್ತಿದ್ದ. ನಮ್ಮ ಬಯಲುಸೀಮೆಯ ಬಿಸಿಲಿಗೆ ದಪ್ಪ ಮಣ್ಣಿನ ಗೋಡೆಯಷ್ಟು ತಂಪು ಇನ್ನೇನಿದೆ ಹೇಳಿ? ಮೇಲಿನ ಚಾವಣಿ ಹೋಗಿ ಎಷ್ಟೋ ಕಾಲವಾಗಿದೆ. ಆದರೂ ಮಳೆ ಗಾಳಿಗೆ ಎದೆಯೊಡ್ಡಿ ಆ ಗೋಡೆಗಳು ಇನ್ನೂ ಎತ್ತರಕ್ಕೆ ನಿಂತಿವೆ.

ಬೆಟ್ಟದ ಮೇಲೆ ನಾಯಕರಿಗಿಂತ ಮುಂಚೆಯೂ ಗುಡಿಗಳಿದ್ದವು. ಹೊಯ್ಸಳರ ಕಾಲದಲ್ಲಿ ಈ ಊರಿಗೆ ಬೆಮ್ಮತ್ತನಕಲ್ಲು ಅನ್ನುತ್ತಿದ್ದರು. ಆಮೇಲೆ ವಿಜಯನಗರದವರ ಕೈಕೆಳಗೆ ತಿಮ್ಮಣ್ಣ ನಾಯಕ ಬಂದ, 1568ರ ಹೊತ್ತಿಗೆ. ತಾಳಿಕೋಟೆ ಯುದ್ಧ ಮುಗಿದು ವಿಜಯನಗರ ಸೋತು ಸುಣ್ಣವಾಗಿದ್ದ ಸಮಯ ಅದು. ಅಲ್ಲಿಂದ 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯುವ ತನಕ, ಇನ್ನೂರು ವರ್ಷಕ್ಕೂ ಜಾಸ್ತಿ ಒಂದೇ ಬೇಡ ನಾಯಕ ಮನೆತನದವರು ಇಲ್ಲಿ ಪಾಳೆಯಗಾರರಾಗಿದ್ದರು. ನಡುವೆ ಒಳಜಗಳ, ದಳವಾಯಿಗಳ ದರ್ಬಾರು ಎಲ್ಲಾ ಆಗಿದೆ, ಅದನ್ನು ಬರೆಯಲು ಹೋದರೆ ನಿಮ್ಮ ಪುಟ ಸಾಲುವುದಿಲ್ಲ.

ಬಾಗಿಲುಗಳ ವಿಷಯ. 19 ದೊಡ್ಡ ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ, 2000 ಬತ್ತೇರಿ (ಕಾವಲು ಬುರುಜು) ಅಂತ ಗೈಡುಗಳು ಮಗ್ಗಿ ಥರ ಒಪ್ಪಿಸುತ್ತಾರೆ. ಎಣಿಸಿ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಎಣಿಕೆ ಇರಲಿ, ಒಂದು ಬಾಗಿಲು ದಾಟಿದ ಮೇಲೆ ಮುಂದಿನದು ನೇರಕ್ಕೆ ಕಾಣುವುದಿಲ್ಲ ಅನ್ನುವುದನ್ನು ಗಮನಿಸಿ. ದಾರಿ ಸರಕ್ಕನೆ ತಿರುಗುತ್ತದೆ. ಬಾಗಿಲು ಮುರಿಯಲು ಬಂದ ಆನೆಗೆ ಓಡಿಬಂದು ಗುದ್ದುವಷ್ಟು ಜಾಗ ಸಿಗಬಾರದು, ಶತ್ರು ತಿರುವಿನಲ್ಲಿ ತಡವರಿಸುವಾಗ ಮೇಲಿಂದ ಹೊಡೆಯಬೇಕು ಅನ್ನುವುದು ಲೆಕ್ಕ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ದಾರಿಯ ಪಕ್ಕದ ಬಂಡೆಗಳಲ್ಲಿ ಸಾಲಾಗಿ ಚೌಕದ ಗುಳಿಗಳು ಕಾಣುತ್ತವೆ, ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ಕೆಲವು ಬಂಡೆಗಳಲ್ಲಿ ಗುಳಿ ತೋಡಿ ಸೀಳದೆ ಬಿಟ್ಟಿದ್ದಾರೆ. ನನಗೆ ಅವುಗಳನ್ನು ಕಂಡರೆ ಏನೋ ಪ್ರೀತಿ, ಕಲ್ಲುಕುಟಿಗರು ಊಟಕ್ಕೆ ಎದ್ದು ಹೋದವರು ಇನ್ನೇನು ಬಂದುಬಿಡುತ್ತಾರೆ ಅನ್ನಿಸುತ್ತದೆ.

ಈಗ ನೀರು. ನಮ್ಮದು ಎಂಥಾ ಜಿಲ್ಲೆ ಅಂತ ನಿಮಗೆ ಗೊತ್ತು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಇಂಥ ಕಡೆ, ಅದೂ ಬೋಳು ಬಂಡೆಯ ಮೇಲೆ, ನಾಯಕರು, ಸೈನ್ಯ, ಆನೆ, ಕುದುರೆ, ಗುಡಿಯ ಪೂಜೆ ಎಲ್ಲಕ್ಕೂ ನೀರು ಹೊಂದಿಸಬೇಕು. ಹೊಳೆ ಇಲ್ಲ. ಇರುವುದು ಮಳೆ ಮಾತ್ರ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಹೋಗುತ್ತದೆ. ಹಾಗೆ ಜಾರುವ ನೀರನ್ನು ಅಲ್ಲಲ್ಲೇ ತಡೆದು ಹೊಂಡಗಳಿಗೆ ತಿರುಗಿಸಿದ್ದಾರೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ. ಅಲ್ಲಿಂದ ಇಳಿದು ಕೆಳಗಿನ ಸಿಹಿನೀರು ಹೊಂಡಕ್ಕೆ, ಆಮೇಲೆ ಪೇಟೆಯ ಸಂತೆ ಹೊಂಡಕ್ಕೆ. ಅಂದರೆ ದೊರೆಯ ಮನೆ ಮೇಲೆ ಬಿದ್ದ ಮಳೆಯೇ ಕೊನೆಗೆ ಸಂತೆಗೆ ಬಂದವರ ಬಾಯಾರಿಕೆಗೆ ಆಗುತ್ತಿತ್ತು. ಪಂಪು ಇಲ್ಲ, ಕರೆಂಟು ಇಲ್ಲ, ಬರೀ ಇಳಿಜಾರು. ಒಂದು ತೊಟ್ಟೂ ಸುಮ್ನೆ ಹೋಗಬಾರದು ಅಂತ ಯೋಚಿಸಿದವನು ಯಾರೋ, ಅವನ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಭರಮಣ್ಣ ನಾಯಕನ ಕಾಲದಲ್ಲಿ, 1689ರಿಂದ 1721ರವರೆಗೆ, ಕೆರೆ, ಹೊಂಡ, ಗುಡಿ ಕಟ್ಟಿಸುವ ಕೆಲಸ ಬಹಳ ಆಯಿತು.

ಹೈದರಾಲಿ ಒಂದೇ ಸಲಕ್ಕೆ ಈ ಕೋಟೆ ಹಿಡಿಯಲಿಲ್ಲ. ಹಲವು ಸಲ ಬಂದು ಮುತ್ತಿಗೆ ಹಾಕಿದ. ಮುತ್ತಿಗೆ ಅಂದರೆ ಏನು? ಹೊರಗಿನಿಂದ ಅನ್ನ ನೀರು ನಿಲ್ಲಿಸುವುದು. ಗೋಡೆ ಎಷ್ಟೇ ಎತ್ತರ ಇರಲಿ, ಒಳಗಿನವರಿಗೆ ಕುಡಿಯಲು ನೀರಿಲ್ಲದಿದ್ದರೆ ಎಷ್ಟು ದಿನ ತಡೆದಾರು? ಕಲ್ಲಿನ ಕೋಟೆ ಅಂತ ನಾವೆಲ್ಲಾ ಎದೆ ಉಬ್ಬಿಸುತ್ತೇವೆ, ಸರಿ. ನನ್ನ ಪ್ರಕಾರ ಇದು ನೀರಿನ ಕೋಟೆ.

ಈಗ ಆ ಹೊಂಡಗಳ ಹತ್ತಿರ ಹೋದರೆ ನೀರಿನ ಮೇಲೆ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಕಣ್ಣಿಗೆ ಬೀಳುತ್ತವೆ. ಎಸೆಯುವವರು ಯಾರು? ನಾವೇ, ಟಿಕೆಟ್ ತೆಗೆದುಕೊಂಡು ಹೋದವರು. ಇನ್ನು ಕೆಳಗೆ ಊರಲ್ಲಿ, ನಮ್ಮ ಬೀದಿಯಲ್ಲೇ, ಬೇಸಿಗೆ ಬಂದರೆ ಟ್ಯಾಂಕರ್ ಹಾದಿ ಕಾಯುತ್ತೇವೆ. ನಮ್ಮ ಮನೆಯ ತಾರಸಿ ನೀರೂ ನೇರ ಚರಂಡಿಗೇ ಹೋಗುತ್ತಿತ್ತು. ಬೆಟ್ಟ ಎದುರಿಗೇ ಇಟ್ಟುಕೊಂಡು ಇಷ್ಟು ವರ್ಷ ಬುದ್ಧಿ ಬರಲಿಲ್ಲ. ಹೋದ ವರ್ಷ ಪೈಪು ತಿರುಗಿಸಿ ನೀರಿನ ಸಂಪ್ ತೊಟ್ಟಿಗೆ ಬಿಟ್ಟಿದ್ದೇನೆ, ಖರ್ಚು ಅಂಥಾದ್ದೇನೂ ಆಗಲಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಕೋಟೆ ಬಗ್ಗೆ ಬರೆಸುವಾಗ ಮಳೆಗಾಲದಲ್ಲಿ ಬರೆಸಿ. ಒಳ್ಳೆ ಮಳೆ ಹೊಡೆದ ಮಾರನೇ ದಿನ ಬೆಳಗ್ಗೆ ನಿಮ್ಮ ಫೋಟೊಗ್ರಾಫರನ್ನು ಕಳಿಸಿ, ಗೋಪಾಲಸ್ವಾಮಿ ಹೊಂಡದಿಂದ ಸಂತೆ ಹೊಂಡದ ತನಕ ನಾನೇ ನಡೆಸಿಕೊಂಡು ಹೋಗುತ್ತೇನೆ. ಮಂಡಕ್ಕಿ ಮೆಣಸಿನಕಾಯಿ ನನ್ನ ಲೆಕ್ಕ.

ಇಂತಿ,
ದುರ್ಗದ ಒಬ್ಬ ಓದುಗ